ಎಷ್ಟು ಹಾಕಬೇಕು? ಷೇರುಪೇಟೆಯ ಪುಸ್ತಕಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಿಗ್ಗೆ ಒಂಬತ್ತೂಕಾಲರಿಂದ ಮಧ್ಯಾಹ್ನ ಮೂರೂವರೆವರೆಗೆ ನನ್ನ ಕಣ್ಣು ಪೇಟೆಯ ಮೇಲಿರುತ್ತದೆ. ಷೇರು, ಇಂಡೆಕ್ಸ್ ಆಪ್ಷನ್ಸ್ (ಷೇರು ಸೂಚ್ಯಂಕದ ಮುಂದಿನ ಏರಿಳಿತದ ಮೇಲಿನ ಒಪ್ಪಂದ) ಎರಡೂ ಮಾಡುತ್ತೇನೆ. ಉಳಿದ ಹೊತ್ತಿನಲ್ಲಿ ಪುಸ್ತಕ. ಇದು ಗೊತ್ತಿರುವ ಸ್ನೇಹಿತರು, ನೆಂಟರ ಮಕ್ಕಳು, ಹೊಸದಾಗಿ ಡಿಮ್ಯಾಟ್ ಖಾತೆ ತೆರೆದವರು ಕೇಳುವ ಪ್ರಶ್ನೆಗಳು ಹೆಚ್ಚು ಕಮ್ಮಿ ಒಂದೇ ಥರ ಇರುತ್ತವೆ. ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಇಲ್ಲಿ ಸರಿಯಾಗಿ ಬರೆದಿದ್ದೇನೆ.

ಪುಸ್ತಕ ಓದಿದರೆ ಪೇಟೆಯಲ್ಲಿ ದುಡ್ಡು ಬರುತ್ತದಾ?

ಓದಿದ್ದಕ್ಕೇ ಬರುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಒಂದು ಅಧ್ಯಯನ ಪ್ರಕಟಿಸಿತು. 2021-22ರಿಂದ 2023-24ರವರೆಗೆ ಫ್ಯೂಚರ್ಸ್ ಮತ್ತು ಆಪ್ಷನ್ಸ್ (ಮುಂದಿನ ಬೆಲೆಯ ಮೇಲೆ ಮಾಡುವ ಒಪ್ಪಂದಗಳು) ಮಾಡಿದ ಒಂದು ಕೋಟಿಗೂ ಹೆಚ್ಚು ಜನಸಾಮಾನ್ಯರಲ್ಲಿ ಶೇ 93 ಮಂದಿ ದುಡ್ಡು ಕಳೆದುಕೊಂಡಿದ್ದರು. ಆ ಮೂರು ವರ್ಷದ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ. ಖರ್ಚೆಲ್ಲ ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಕಂಡವರು ಶೇ 1ರಷ್ಟು ಮಾತ್ರ. ಕಳೆದುಕೊಂಡ ಅಷ್ಟು ಜನರಲ್ಲಿ ಪುಸ್ತಕ ಓದಿದವರೂ ಖಂಡಿತ ಇದ್ದಾರೆ.

ಹಾಗಾದರೆ ಯಾಕೆ ಓದಬೇಕು? ಪೇಟೆಯಲ್ಲಿ ಇರುವುದು ಮೂರು ಪ್ರಶ್ನೆ. ಯಾವುದನ್ನು ಕೊಳ್ಳಬೇಕು, ಯಾವಾಗ ಕೊಳ್ಳಬೇಕು, ಎಷ್ಟು ದುಡ್ಡು ಹಾಕಬೇಕು. ಮೊದಲ ಎರಡಕ್ಕೆ ಟಿವಿಯವರ ಹತ್ತಿರ ಉತ್ತರ ಇದೆ, ಟೆಲಿಗ್ರಾಂ ಗುಂಪಿನವರ ಹತ್ತಿರ ಇದೆ, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರ ಹತ್ತಿರವೂ ಇದೆ. ಮೂರನೆಯದನ್ನು ಕೇಳುವವರೂ ಕಮ್ಮಿ, ಹೇಳುವವರೂ ಕಮ್ಮಿ. ಒಳ್ಳೆಯ ಪುಸ್ತಕಗಳು ಅದರ ಬಗ್ಗೆ ಮಾತಾಡುತ್ತವೆ. ಕೆಲವು ನೇರವಾಗಿ, ಕೆಲವು ಲೇಖಕರಿಗೇ ಗೊತ್ತಿಲ್ಲದ ಹಾಗೆ. ನಾನು ಓದಿದ್ದೆಲ್ಲ ಕೊನೆಗೆ ಬಂದು ನಿಲ್ಲುವುದು ಈ 'ಎಷ್ಟು' ಎಂಬಲ್ಲೇ. ಕೆಳಗಿನ ಉತ್ತರಗಳಲ್ಲೂ ಅದು ಮತ್ತೆ ಮತ್ತೆ ಬರುತ್ತದೆ.

ಯಾವ ಪುಸ್ತಕದಿಂದ ಶುರು ಮಾಡಲಿ?

'ರೆಮಿನಿಸೆನ್ಸಸ್ ಆಫ್ ಎ ಸ್ಟಾಕ್ ಆಪರೇಟರ್'. ಎಡ್ವಿನ್ ಲೆಫೆವ್ರ್ ಎಂಬ ಪತ್ರಕರ್ತ ಬರೆದದ್ದು, 1923ರಲ್ಲಿ ಬಂತು. ಕಥೆ ಹೇಳುವವನ ಹೆಸರು ಲ್ಯಾರಿ ಲಿವಿಂಗ್‌ಸ್ಟನ್. ನಿಜದಲ್ಲಿ ಅವನು ಜೆಸ್ಸಿ ಲಿವರ್‌ಮೋರ್, ಆ ಕಾಲದ ಅಮೆರಿಕದ ದೊಡ್ಡ ಸಟ್ಟಾ ವ್ಯಾಪಾರಿ. ಹುಡುಗನಾಗಿದ್ದಾಗ ಅವನು ಆಡಲು ಶುರು ಮಾಡಿದ್ದು ಬಕೆಟ್ ಶಾಪ್‌ಗಳಲ್ಲಿ. ಅಲ್ಲಿ ಆರ್ಡರ್ ಎಕ್ಸ್‌ಚೇಂಜ್‌ಗೆ ಹೋಗುವುದೇ ಇಲ್ಲ, ಅಂಗಡಿಯವನ ಪುಸ್ತಕದಲ್ಲೇ ಲೆಕ್ಕ ಮುಗಿಯುತ್ತದೆ. ನಮ್ಮಲ್ಲಿ ಡಬ್ಬಾ ಟ್ರೇಡಿಂಗ್ ಅಂತಾರಲ್ಲ, ಅದೇ. ಆ ಅಧ್ಯಾಯಗಳನ್ನು ಓದಿದರೆ ಡಬ್ಬಾದವರು ಯಾಕೆ ಅಷ್ಟು ಕಮ್ಮಿ ಮಾರ್ಜಿನ್ (ಮುಂಗಡ ದುಡ್ಡು) ಕೇಳುತ್ತಾರೆ ಎಂದು ಗೊತ್ತಾಗುತ್ತದೆ. ಮಾರ್ಜಿನ್ ಕಮ್ಮಿ ಇದ್ದಷ್ಟೂ ಬೆಲೆ ಸ್ವಲ್ಪ ಅಲ್ಲಾಡಿದರೆ ಸಾಕು, ಗಿರಾಕಿಯ ದುಡ್ಡು ಪೂರ್ತಿ ಅಂಗಡಿಗೆ.

ಈ ಪುಸ್ತಕದ ಒಂದು ಪ್ರಸಂಗವನ್ನು ನಾನು ಮತ್ತೆ ಮತ್ತೆ ತೆಗೆದು ಓದುತ್ತೇನೆ. ಹತ್ತಿ ಮತ್ತು ಗೋಧಿಯ ಪ್ರಸಂಗ. ಹತ್ತಿ ಬೆಲೆ ಬೀಳುತ್ತದೆ ಎಂಬುದು ಅವನ ಸ್ವಂತ ಲೆಕ್ಕ. ಆಗ ಪರ್ಸಿ ಥಾಮಸ್ ಎಂಬ ಹತ್ತಿ ಪರಿಣತನ ಪರಿಚಯವಾಗುತ್ತದೆ. ಮಾತು ಚೆನ್ನಾಗಿದೆ, ಅಂಕಿಅಂಶ ಗಟ್ಟಿಯಾಗಿದೆ. ಇವನು ತನ್ನ ಲೆಕ್ಕ ಬಿಟ್ಟು ಹತ್ತಿ ಕೊಳ್ಳುತ್ತಾನೆ. ಬೆಲೆ ಇಳಿಯುತ್ತದೆ. ಇನ್ನಷ್ಟು ಕೊಳ್ಳುತ್ತಾನೆ. ಕೊನೆಗೆ ಕೈಯಲ್ಲಿ ನಾಲ್ಕು ಲಕ್ಷಕ್ಕೂ ಜಾಸ್ತಿ ಬೇಲ್ ಹತ್ತಿ. ಅದೇ ಹೊತ್ತಿಗೆ ಅವನ ಗೋಧಿ ಲಾಭ ತೋರಿಸುತ್ತಿರುತ್ತದೆ. ಏನು ಮಾಡಬೇಕಿತ್ತು? ಹತ್ತಿ ಬಿಟ್ಟು ಗೋಧಿ ಇಟ್ಟುಕೊಳ್ಳಬೇಕಿತ್ತು. ಅವನು ಮಾಡಿದ್ದು ಉಲ್ಟಾ. ಗೋಧಿ ಮಾರಿದ, ಹತ್ತಿ ಉಳಿಸಿಕೊಂಡ. ಮಾರಿದ ಮೇಲೆ ಗೋಧಿ ಏರುತ್ತಲೇ ಹೋಯಿತು.

1985ರಲ್ಲಿ ಹರ್ಶ್ ಶೆಫ್ರಿನ್ ಮತ್ತು ಮೀರ್ ಸ್ಟಾಟ್‌ಮನ್ ಎಂಬ ಇಬ್ಬರು ಅಧ್ಯಾಪಕರು ಇದೇ ಚಾಳಿಗೆ 'ಡಿಸ್ಪೊಸಿಷನ್ ಎಫೆಕ್ಟ್' ಎಂದು ಹೆಸರಿಟ್ಟರು. ಲಾಭದ್ದನ್ನು ಬೇಗ ಮಾರುವುದು, ನಷ್ಟದ್ದನ್ನು ಹಿಡಿದುಕೊಂಡು ಕೂರುವುದು. 1998ರಲ್ಲಿ ಟೆರನ್ಸ್ ಓಡಿಯನ್ 10,000 ಖಾತೆಗಳ ದಾಖಲೆ ತೆಗೆದು ನೋಡಿ, ಹೌದು, ಜನ ಹೀಗೇ ಮಾಡುತ್ತಾರೆ ಎಂದು ತೋರಿಸಿದರು. ನಿಮ್ಮ ಡಿಮ್ಯಾಟ್ ಖಾತೆ ಒಮ್ಮೆ ತೆರೆದು ನೋಡಿ. ಹಸಿರು ಕಂಡದ್ದೆಲ್ಲ ಮಾರಿಹೋಗಿ, ಕೆಂಪು ಮಾತ್ರ ಉಳಿದಿದೆಯಾ? ಇದ್ದರೆ ಆ ಅಧ್ಯಾಯ ನಿಮಗಾಗಿಯೇ ಬರೆದದ್ದು.

ಆದರೆ ಲಿವರ್‌ಮೋರ್ ಕೊನೆಗೆ ದಿವಾಳಿಯಾದ. ಅವನ ಮಾತು ಯಾಕೆ ಕೇಳಬೇಕು?

ಅದಕ್ಕೇ ಕೇಳಬೇಕು. ಪುಸ್ತಕ ಮುಗಿಯುವುದು 1923ಕ್ಕೆ. ಅವನ ಬದುಕು ಅಲ್ಲಿಗೆ ಮುಗಿಯಲಿಲ್ಲ. 1929ರ ಕುಸಿತದಲ್ಲಿ ಮೊದಲೇ ಮಾರಿಟ್ಟು ಸುಮಾರು ಹತ್ತು ಕೋಟಿ ಡಾಲರ್ ಗಳಿಸಿದ ಎನ್ನುತ್ತಾರೆ. 1934ರಲ್ಲಿ ದಿವಾಳಿ. 1940ರಲ್ಲಿ ನ್ಯೂಯಾರ್ಕ್‌ನ ಒಂದು ಹೋಟೆಲಿನಲ್ಲಿ ತನ್ನ ಪ್ರಾಣ ತಾನೇ ತೆಗೆದುಕೊಂಡ.

ಗಮನಿಸಿ. ಪೇಟೆಯ ದಿಕ್ಕು ಅವನಿಗೆ ಗೊತ್ತಾಗುತ್ತಿತ್ತು. 1907ರ ಕುಸಿತವನ್ನು ಸರಿಯಾಗಿ ಹಿಡಿದ, 1929ರದ್ದನ್ನೂ ಹಿಡಿದ. 'ಯಾವುದು', 'ಯಾವಾಗ' ಎಂಬ ಎರಡರಲ್ಲೂ ಅವನಷ್ಟು ಜಾಣರು ಕಮ್ಮಿ. ಕಾಪಾಡದೇ ಹೋದದ್ದು ಮೂರನೆಯದು, 'ಎಷ್ಟು' ಎಂಬುದು. ಹೊಸಬರು ಪುಸ್ತಕವನ್ನು ಓದಿ ಅವನ ಧೈರ್ಯವನ್ನು ಮೆಚ್ಚುತ್ತಾರೆ. ಅವನ ಬದುಕಿನ ಉಳಿದ ಹದಿನೇಳು ವರ್ಷವನ್ನೂ ಸೇರಿಸಿ ಓದಿ ಎಂದು ನಾನು ಹೇಳುತ್ತೇನೆ.

ಬೆಂಜಮಿನ್ ಗ್ರಹಾಂ ಪುಸ್ತಕ ಈ ಕಾಲಕ್ಕೆ ತೀರಾ ಹಳೆಯದಲ್ವಾ?

ಅಮೆರಿಕದ ಹೂಡಿಕೆದಾರ ಗ್ರಹಾಂ ಬರೆದ 'ದಿ ಇಂಟೆಲಿಜೆಂಟ್ ಇನ್ವೆಸ್ಟರ್'ನ ಉದಾಹರಣೆಗಳು ಹಳೆಯವು. ಅಮೆರಿಕದ ರೈಲ್ವೆ ಕಂಪನಿಗಳ ಬಾಂಡ್ (ಸಾಲಪತ್ರ) ಬಗ್ಗೆ ಪುಟಗಟ್ಟಲೆ ಓದುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಪುಸ್ತಕ ಬಂದದ್ದು 1949ರಲ್ಲಿ. ಹೊತ್ತಿಲ್ಲದವರು ಎಂಟನೆಯ ಮತ್ತು ಇಪ್ಪತ್ತನೆಯ ಅಧ್ಯಾಯ ಓದಿ. ಎಂಟರಲ್ಲಿ ಮಿಸ್ಟರ್ ಮಾರ್ಕೆಟ್ ಬರುತ್ತಾನೆ. ದಿನಾ ಬಂದು ಒಂದು ಬೆಲೆ ಹೇಳುವ ಪಾಲುದಾರ, ಒಂದು ದಿನ ಉಬ್ಬಿಹೋಗಿರುತ್ತಾನೆ, ಇನ್ನೊಂದು ದಿನ ಕುಗ್ಗಿಹೋಗಿರುತ್ತಾನೆ. ಅವನ ಬೆಲೆಗೆ ಕೊಡಲೇಬೇಕು, ಕೊಳ್ಳಲೇಬೇಕು ಎಂಬ ಬಲವಂತ ನಿಮಗಿಲ್ಲ. ಇಪ್ಪತ್ತನೆಯದು 'ಮಾರ್ಜಿನ್ ಆಫ್ ಸೇಫ್ಟಿ'. ನಿಮ್ಮ ಲೆಕ್ಕ ತಪ್ಪಾದರೂ ಉಳಿದುಕೊಳ್ಳುವಷ್ಟು ಅಂತರ ಇಟ್ಟುಕೊಂಡು ಕೊಳ್ಳಿ ಎನ್ನುವುದು.

ಇವೆರಡು ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ಅವರು ಕೊಡುವ ಒಂದು ಸಾದಾ ನಿಯಮ. ದುಡ್ಡಿನಲ್ಲಿ ಷೇರಿನ ಪಾಲು ಶೇ 25ಕ್ಕಿಂತ ಕೆಳಗೆ ಹೋಗಬಾರದು, ಶೇ 75ಕ್ಕಿಂತ ಮೇಲೆ ಹೋಗಬಾರದು. ಉಳಿದದ್ದು ಬಾಂಡ್. ಷೇರಿನಲ್ಲಾದರೂ ಹತ್ತರಿಂದ ಮೂವತ್ತು ಕಂಪನಿ ಇರಲಿ. ಕೇಳಲು ಸಪ್ಪೆ. ಆದರೆ ಇದು ಬಂದದ್ದು ಪಾಠ ಕಲಿತವರ ಬಾಯಿಂದ. 1929ರಿಂದ 1932ರ ಕುಸಿತದಲ್ಲಿ ಗ್ರಹಾಂ ನಡೆಸುತ್ತಿದ್ದ ಹೂಡಿಕೆ ನಿಧಿ ಸುಮಾರು ಶೇ 70ರಷ್ಟು ಕರಗಿತ್ತು. ಸಾಲ ತಂದು ಹಾಕಿದ್ದೂ ಅದಕ್ಕೆ ಒಂದು ಕಾರಣ.

ಇನ್ನೊಂದು ವಿಷಯ ಪುಸ್ತಕದ ಕೊನೆಯ ಪುಟಗಳಲ್ಲಿದೆ, ಬಹಳ ಜನ ಅಲ್ಲಿವರೆಗೆ ಹೋಗುವುದಿಲ್ಲ. 1948ರಲ್ಲಿ ಗ್ರಹಾಂ ಅವರ ಸಂಸ್ಥೆ ಗೈಕೊ ಎಂಬ ವಿಮಾ ಕಂಪನಿಯ ಅರ್ಧ ಪಾಲು ಕೊಂಡಿತು. ತಮ್ಮ ನಿಯಮಕ್ಕಿಂತ ದೊಡ್ಡ ಮೊತ್ತವನ್ನು ಒಂದೇ ಕಡೆ ಹಾಕಿದ್ದರು. ಇಪ್ಪತ್ತು ವರ್ಷದ ಉಳಿದ ಎಲ್ಲ ವ್ಯವಹಾರ ಸೇರಿ ತಂದದ್ದಕ್ಕಿಂತ ಈ ಒಂದೇ ಜಾಸ್ತಿ ತಂದಿತು. ಇದನ್ನು ಓದಿ, ನಾನೂ ಒಂದೇ ಷೇರಿಗೆ ಎಲ್ಲ ಸುರಿಯುತ್ತೇನೆ ಎನ್ನಬೇಡಿ. ಅವರು ಹಾಕಿದ್ದು ನಿಧಿಯ ಐದನೇ ಒಂದು ಭಾಗದಷ್ಟು. ಗೈಕೊ ಮುಳುಗಿದ್ದರೂ ಅವರು ಮರುದಿನ ಬಾಗಿಲು ತೆರೆಯುತ್ತಿದ್ದರು.

'ಎಷ್ಟು' ಎಂಬುದನ್ನು ಲೆಕ್ಕ ಹಾಕಿ ತೋರಿಸುವ ಪುಸ್ತಕ ಇದೆಯಾ?

ಎಡ್ವರ್ಡ್ ಥಾರ್ಪ್ ಬರೆದದ್ದನ್ನು ಹುಡುಕಿ ಓದಿ. ಗಣಿತದ ಮೇಷ್ಟ್ರು. 1962ರಲ್ಲಿ ಇಸ್ಪೀಟಿನ ಬ್ಲ್ಯಾಕ್‌ಜಾಕ್ ಆಟವನ್ನು ಗೆಲ್ಲುವುದು ಹೇಗೆ ಎಂದು ಪುಸ್ತಕ ಬರೆದರು, ಆಮೇಲೆ ಷೇರುಪೇಟೆಗೆ ಬಂದು ದಶಕಗಳ ಕಾಲ ನಿಧಿ ನಡೆಸಿದರು. ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ 1956ರಲ್ಲಿ ಬರೆದ, ಪ್ರತಿ ಸಲ ಎಷ್ಟು ಹಾಕಬೇಕು ಎಂದು ಹೇಳುವ ಒಂದು ಸೂತ್ರವನ್ನು ಅವರು ಬಳಸಿದರು. ಸೂತ್ರ ಬಿಡಿ, ಲೆಕ್ಕ ನೋಡಿ.

ನಿಮ್ಮ ಹತ್ತಿರ ಒಂದು ಲಕ್ಷ ಇದೆ. ಹತ್ತರಲ್ಲಿ ಆರು ಸಲ ನೀವೇ ಗೆಲ್ಲುವ ಆಟ ಸಿಕ್ಕಿದೆ. ಗೆದ್ದರೆ ಹಾಕಿದಷ್ಟೇ ಲಾಭ, ಸೋತರೆ ಹಾಕಿದ್ದು ಹೋಯಿತು. ಪೇಟೆಯಲ್ಲಿ ಇಷ್ಟು ಒಳ್ಳೆಯ ಆಟ ಸಿಗುವುದೇ ಅಪರೂಪ. ಪ್ರತಿ ಸಲವೂ ಸೂತ್ರ ಹೇಳುವಷ್ಟು, ಅಂದರೆ ಕೈಯಲ್ಲಿರುವುದರ ಐದನೇ ಒಂದು ಭಾಗ ಹಾಕುತ್ತಾ ಹೋಗಿ. ಆರು ಗೆಲುವು, ನಾಲ್ಕು ಸೋಲು ಮುಗಿದ ಮೇಲೆ ನಿಮ್ಮ ಹತ್ತಿರ ಸುಮಾರು 1,22,000 ಇರುತ್ತದೆ. ಈಗ ಅದೇ ಆಟ, ಅದೇ ಆರು ಗೆಲುವು, ಆದರೆ ಪ್ರತಿ ಸಲ ಅರ್ಧ ಹಾಕಿ. ಉಳಿಯುವುದು ಸುಮಾರು 71,000. ಗೆಲುವು ಯಾವ ಸರದಿಯಲ್ಲಿ ಬಂದರೂ ಉತ್ತರ ಇದೇ.

ನೂರರಲ್ಲಿ ಅರವತ್ತು ಸಲ ಸರಿ ಇದ್ದೂ ದುಡ್ಡು ಕಳೆದುಕೊಳ್ಳಬಹುದು ಎಂಬುದಕ್ಕೆ ಇದಕ್ಕಿಂತ ಸಣ್ಣ ಪುರಾವೆ ನನಗೆ ಸಿಕ್ಕಿಲ್ಲ. ಸುಮ್ನೆ ಓದಿ ಬಿಡಬೇಡಿ. ಕ್ಯಾಲ್ಕುಲೇಟರ್ ತಗೊಂಡು ನೀವೇ ಒತ್ತಿ ನೋಡಿ. ಶೇ 10 ಹಾಕಿದರೆ ಎಷ್ಟು, ಶೇ 40 ಹಾಕಿದರೆ ಎಷ್ಟು ಎಂದೂ ನೋಡಿ. ಇಲ್ಲಿ ಆರು-ನಾಲ್ಕು ಎಂದು ಮೊದಲೇ ಗೊತ್ತಿದೆ. ನಿಜವಾದ ಪೇಟೆಯಲ್ಲಿ ಅದೂ ಅಂದಾಜೇ. ಆದ್ದರಿಂದ ಸೂತ್ರ ಹೇಳಿದ್ದಕ್ಕಿಂತ ಬಹಳ ಕಮ್ಮಿ ಹಾಕುವುದೇ ಸರಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ದೊಡ್ಡ ದೊಡ್ಡ ಪಂಡಿತರಿಗೆ ಇದೆಲ್ಲ ಗೊತ್ತಿರುತ್ತದೆ, ಅಲ್ವಾ?

ರೋಜರ್ ಲೋವೆನ್‌ಸ್ಟೈನ್ ಅವರ 'ವೆನ್ ಜೀನಿಯಸ್ ಫೇಲ್ಡ್' ಓದಿ, 2000ದಲ್ಲಿ ಬಂದದ್ದು. ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಎಂಬ ನಿಧಿಯ ಕಥೆ. ಅದರ ಪಾಲುದಾರರಲ್ಲಿ ಮೈರನ್ ಶೋಲ್ಸ್ ಮತ್ತು ರಾಬರ್ಟ್ ಮರ್ಟನ್ ಇದ್ದರು. ಆಪ್ಷನ್ ಬೆಲೆ ಕಟ್ಟುವ ಕೆಲಸಕ್ಕೇ ಇಬ್ಬರಿಗೂ 1997ರಲ್ಲಿ ನೊಬೆಲ್ ಬಂತು. ಇವತ್ತು ನಾವು ಮೊಬೈಲಿನಲ್ಲಿ ಆಪ್ಷನ್ ಚೈನ್ (ಆಪ್ಷನ್‌ಗಳ ಬೆಲೆಪಟ್ಟಿ) ತೆರೆದಾಗ ಕಾಣುವ ಡೆಲ್ಟಾ, ಥೀಟಾ ಎಂಬ ಅಳತೆಗಳೆಲ್ಲ ಬಂದದ್ದು ಅಲ್ಲಿಂದಲೇ. ನೊಬೆಲ್ ಬಂದ ಮರುವರ್ಷವೇ ನಿಧಿ ಮುಳುಗಿತು.

1998ರ ಶುರುವಿನಲ್ಲಿ ಸ್ವಂತ ಬಂಡವಾಳ ಐನೂರು ಕೋಟಿ ಡಾಲರ್‌ಗೂ ಸ್ವಲ್ಪ ಕಮ್ಮಿ. ಅದರ ಮೇಲೆ ತಂದ ಸಾಲ ಇಪ್ಪತ್ತೈದು ಪಟ್ಟಿಗೂ ಜಾಸ್ತಿ. ಆಗಸ್ಟ್‌ನಲ್ಲಿ ರಷ್ಯಾ ತನ್ನ ಸಾಲ ತೀರಿಸುವುದಿಲ್ಲ ಎಂದಿತು. ಮಾರಿ ಹೊರಬರಲು ಎಲ್ಲರೂ ಒಂದೇ ಬಾಗಿಲಿಗೆ ಓಡಿದರು. ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಿನ ಅಂಗವಾದ ನ್ಯೂಯಾರ್ಕ್ ಫೆಡರಲ್ ರಿಸರ್ವ್ ಮುಂದೆ ನಿಂತು 14 ಸಂಸ್ಥೆಗಳಿಂದ 360 ಕೋಟಿ ಡಾಲರ್ ಹಾಕಿಸಿ ಅವು ನಿಧಿಯನ್ನು ಕೈಗೆ ತೆಗೆದುಕೊಳ್ಳುವಂತೆ ಮಾಡಿತು.

ಮುಂದೆ ಏನಾಯಿತು ಎಂಬುದೇ ನನಗೆ ಮುಖ್ಯ. ಆ ಸಂಸ್ಥೆಗಳು ಅವಸರ ಮಾಡದೆ ನಿಧಾನವಾಗಿ ವ್ಯವಹಾರ ಬಿಡಿಸಿದವು. 2000ದ ಹೊತ್ತಿಗೆ ತಮ್ಮ ದುಡ್ಡು ವಾಪಸ್ ತೆಗೆದುಕೊಂಡು ಒಂದಿಷ್ಟು ಲಾಭವನ್ನೂ ಮಾಡಿದವು. ಅಂದರೆ ಪಂಡಿತರ ಲೆಕ್ಕದಲ್ಲಿ ಬಹಳಷ್ಟು ಸರಿಯೇ ಇತ್ತು. ಅದು ಸರಿಯಾಗುವವರೆಗೆ ಕಾಯಲು ಅವರ ಹತ್ತಿರ ದುಡ್ಡು ಉಳಿದಿರಲಿಲ್ಲ.

ಡೇನಿಯಲ್ ಕಾಹ್ನೆಮನ್ ಮನಶ್ಶಾಸ್ತ್ರದವರು. ಟ್ರೇಡರ್‌ಗೆ ಅವರ ಪುಸ್ತಕದಿಂದ ಏನು ಉಪಯೋಗ?

'ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ' 2011ರಲ್ಲಿ ಬಂತು. ನೂರು ರೂಪಾಯಿ ಕಳೆದುಕೊಳ್ಳುವ ನೋವು ನೂರು ರೂಪಾಯಿ ಗಳಿಸುವ ಖುಷಿಗಿಂತ ಹೆಚ್ಚುಕಮ್ಮಿ ಎರಡರಷ್ಟು ಎಂಬ ವಿಚಾರ ಅವರದ್ದೂ ಏಮೋಸ್ ಟ್ವೆರ್ಸ್ಕಿ ಅವರದ್ದೂ. 1979ರಲ್ಲೇ ಇಬ್ಬರೂ ಸೇರಿ ಆ ಸಿದ್ಧಾಂತ ಮಂಡಿಸಿದ್ದರು. ಲಿವರ್‌ಮೋರ್ ಗೋಧಿ ಯಾಕೆ ಮಾರಿದ ಎಂಬುದಕ್ಕೆ ಉತ್ತರ ಇಲ್ಲಿದೆ.

ಟ್ರೇಡರ್‌ಗೆ ಬೇಕಾದ ಇನ್ನೊಂದು ಅಧ್ಯಾಯ ಇದೆ. ಹಣಕಾಸು ಸಲಹೆ ಕೊಡುವ ಒಂದು ಸಂಸ್ಥೆ ತನ್ನ ಸುಮಾರು 25 ಸಲಹೆಗಾರರ ಎಂಟು ವರ್ಷದ ಸಾಧನೆಯ ಪಟ್ಟಿಯನ್ನು ಕಾಹ್ನೆಮನ್‌ಗೆ ಕೊಟ್ಟಿತು. ಆ ಅಂಕಿಗಳ ಮೇಲೇ ಅವರಿಗೆ ವರ್ಷದ ಬೋನಸ್. ಈ ವರ್ಷ ಮುಂದಿದ್ದವರು ಮುಂದಿನ ವರ್ಷವೂ ಮುಂದಿರುತ್ತಾರಾ ಎಂದು ಇವರು ಹೋಲಿಸಿ ನೋಡಿದರು. ಸಂಬಂಧ 0.01. ಅಂದರೆ ಏನೂ ಇಲ್ಲ. ಸಂಸ್ಥೆ ಬೋನಸ್ ಕೊಡುತ್ತಿದ್ದದ್ದು ಅದೃಷ್ಟಕ್ಕೆ. ಇದನ್ನು ಮೇಲಿನವರಿಗೆ ತಿಳಿಸಿದರು. ಅವರು ಕೇಳಿಸಿಕೊಂಡರು, ಊಟ ಮಾಡಿದರು, ಎಂದಿನ ಹಾಗೆ ಮುಂದುವರಿದರು.

ಕಳೆದ ಒಂದು ವರ್ಷದ ಲಾಭ ತೋರಿಸಿ ಕೋರ್ಸ್ ಮಾರುವವರ ಸ್ಕ್ರೀನ್‌ಶಾಟ್ ನೋಡಿದಾಗ ಈ ಪುಟಗಳನ್ನು ನೆನೆಸಿಕೊಳ್ಳಿ.

ಆ ಪುಸ್ತಕದಲ್ಲಿ ಇರುವುದೆಲ್ಲ ನಿಜವಾ?

ಇಲ್ಲ. ಪ್ರೈಮಿಂಗ್ (ಕಂಡ ಒಂದು ಪದ, ಚಿತ್ರ ನಮಗರಿವಿಲ್ಲದೆ ಮುಂದಿನ ನಡೆಯನ್ನು ಬದಲಿಸುತ್ತದೆ ಎಂಬುದು) ಬಗೆಗಿನ ಅಧ್ಯಾಯವನ್ನು ಬಿಟ್ಟುಬಿಡಿ. ಅದರ ಹಿಂದಿನ ಹಲವು ಪ್ರಯೋಗಗಳನ್ನು ಬೇರೆಯವರು ಮತ್ತೆ ಮಾಡಿದಾಗ ಫಲ ಸಿಗಲಿಲ್ಲ. ಸಣ್ಣ ಸಣ್ಣ ಅಧ್ಯಯನಗಳನ್ನು ತಾನು ಅತಿಯಾಗಿ ನಂಬಿದೆ ಎಂದು ಕಾಹ್ನೆಮನ್ 2017ರಲ್ಲಿ ತಾವೇ ಒಪ್ಪಿಕೊಂಡರು. ಅಷ್ಟು ಹೆಸರು ಮಾಡಿದವರು ಹೀಗೆ ಹೇಳಿದ್ದು ನನಗೆ ಅವರ ಮೇಲಿನ ಗೌರವವನ್ನು ಹೆಚ್ಚಿಸಿತು.

ಗೆದ್ದವರ ಸಂದರ್ಶನದ ಪುಸ್ತಕಗಳನ್ನು ಓದಬಹುದಾ?

ಓದಬಹುದು. ಜ್ಯಾಕ್ ಶ್ವಾಗರ್ ಅವರ 'ಮಾರ್ಕೆಟ್ ವಿಝರ್ಡ್ಸ್' 1989ರದ್ದು, ಇವತ್ತಿಗೂ ರುಚಿ ಕೆಟ್ಟಿಲ್ಲ. ಒಬ್ಬರು ಚಾರ್ಟ್ ನೋಡುತ್ತಾರೆ, ಇನ್ನೊಬ್ಬರು ಚಾರ್ಟ್ ಕಂಡರೆ ನಗುತ್ತಾರೆ. ವಿಧಾನದಲ್ಲಿ ಒಬ್ಬರಿಗೊಬ್ಬರಿಗೆ ತಾಳೆಯೇ ಇಲ್ಲ. ತಾಳೆ ಆಗುವುದು ಒಂದೇ ಕಡೆ. ಒಂದು ವ್ಯವಹಾರದಲ್ಲಿ ಎಷ್ಟು ಕಳೆದುಕೊಳ್ಳಬಹುದು ಎಂದು ಅವರು ಮೊದಲೇ ನಿರ್ಧರಿಸಿರುತ್ತಾರೆ.

ಆದರೆ ಸಂದರ್ಶನಕ್ಕೆ ಸಿಗುವವರು ಉಳಿದುಕೊಂಡವರು ಮಾತ್ರ. ಅದೇ ವಿಧಾನ ಹಿಡಿದು ಮುಳುಗಿದವರ ಮನೆಗೆ ಯಾರೂ ಹೋಗಿ ಮೈಕ್ ಹಿಡಿಯುವುದಿಲ್ಲ. ನಮ್ಮ ಬೆಂಗಳೂರಿನದೇ ಉದಾಹರಣೆ ತಗೊಳ್ಳಿ. 1993ರಲ್ಲಿ ಇನ್ಫೋಸಿಸ್ ಷೇರು 95 ರೂಪಾಯಿಗೆ ಸಾರ್ವಜನಿಕರಿಗೆ ಬಂತು. ಆಗ ಕೊಳ್ಳುವವರೇ ಸಾಕಷ್ಟು ಬರಲಿಲ್ಲ. ಅವತ್ತು ನೂರು ಷೇರು ಕೊಂಡಿದ್ದರೆ ಇವತ್ತು ಎಷ್ಟಾಗುತ್ತಿತ್ತು ಎಂಬ ಲೆಕ್ಕವನ್ನು ನೀವು ಹತ್ತಾರು ಸಲ ಕೇಳಿರುತ್ತೀರಿ. ಅದೇ ತೊಂಬತ್ತರ ದಶಕದಲ್ಲಿ ಜನರಿಂದ ದುಡ್ಡು ಎತ್ತಿ ವಿಳಾಸವೇ ಇಲ್ಲದಂತೆ ಮಾಯವಾದ ಕಂಪನಿಗಳೂ ಇದ್ದವು. 'ವ್ಯಾನಿಷಿಂಗ್ ಕಂಪನಿಗಳು' ಎಂದು ಸರ್ಕಾರವೇ ಪಟ್ಟಿ ಮಾಡಬೇಕಾಯಿತು. ಆ ಷೇರುಪತ್ರಗಳು ಎಷ್ಟೋ ಮನೆಗಳ ಬೀರುವಿನಲ್ಲಿವೆ. ಅವುಗಳ ಲೆಕ್ಕ ಯಾರೂ ಹಾಕಿ ಹೇಳುವುದಿಲ್ಲ. ಈ ವಿಷಯ ಆಳವಾಗಿ ಬೇಕಿದ್ದರೆ ನಸೀಮ್ ತಾಲಿಬ್ ಅವರ 2001ರ 'ಫೂಲ್ಡ್ ಬೈ ರ್‍ಯಾಂಡಮ್‌ನೆಸ್' ಓದಿ. ಅವರ ಬೈಗುಳ ಜಾಸ್ತಿ, ಅದನ್ನು ಸಹಿಸಿಕೊಂಡರೆ ಒಳಗೆ ತಿರುಳಿದೆ.

ಭಾರತದ ಪೇಟೆಯ ಬಗ್ಗೆ ಒಂದೇ ಪುಸ್ತಕ ಹೇಳಿ ಅಂದರೆ?

ದೇಬಾಶಿಸ್ ಬಸು ಮತ್ತು ಸುಚೇತಾ ದಲಾಲ್ ಅವರ 'ದಿ ಸ್ಕ್ಯಾಮ್', 1993. ಷೇರು ದಲ್ಲಾಳಿ ಹರ್ಷದ್ ಮೆಹ್ತಾ ಹಗರಣದ ಕಥೆ. ವೆಬ್ ಸರಣಿ ನೋಡಿದವರು ಪುಸ್ತಕ ಬೇಡ ಎನ್ನುತ್ತಾರೆ. ಸರಣಿಯಲ್ಲಿ ಮನುಷ್ಯ ಕಾಣುತ್ತಾನೆ, ಪುಸ್ತಕದಲ್ಲಿ ದುಡ್ಡು ಹರಿದ ಕೊಳಾಯಿ ಕಾಣುತ್ತದೆ. ಬ್ಯಾಂಕುಗಳ ಮಧ್ಯೆ ಸರ್ಕಾರಿ ಸಾಲಪತ್ರಗಳ ವ್ಯವಹಾರ ನಡೆಯುತ್ತಿತ್ತು. ಪತ್ರದ ಬದಲು ಬ್ಯಾಂಕ್ ರಸೀದಿ ಕೊಡುತ್ತಿದ್ದರು. ದಲ್ಲಾಳಿಯ ಕೈಗೆ ದುಡ್ಡು ಹೋಗುತ್ತಿತ್ತು, ಅಲ್ಲಿಂದ ಷೇರುಪೇಟೆಗೆ. 1992ರ ಏಪ್ರಿಲ್‌ನಲ್ಲಿ ಸೆನ್ಸೆಕ್ಸ್ 4,400 ದಾಟಿದ್ದು ಆ ದುಡ್ಡಿನ ಬಲದಿಂದ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಇರುವ ಕೆನರಾ ಬ್ಯಾಂಕಿನ ಅಂಗಸಂಸ್ಥೆ ಕ್ಯಾನ್‌ಫಿನಾದ ಹೆಸರೂ ಆ ಹಗರಣದ ತನಿಖೆಯಲ್ಲಿ ಬಂದಿತ್ತು. ಬೆಲೆ ಏರುವಾಗ, ಈ ದುಡ್ಡು ಯಾರದ್ದು, ಯಾವತ್ತು ವಾಪಸ್ ಕೇಳುತ್ತಾರೆ ಎಂದು ಕೇಳುವ ಅಭ್ಯಾಸವನ್ನು ಈ ಪುಸ್ತಕ ಕಲಿಸುತ್ತದೆ.

ಟೆಕ್ನಿಕಲ್ ಅನಾಲಿಸಿಸ್ ಪುಸ್ತಕಗಳು?

ಹಿಂದಿನ ಬೆಲೆಗಳ ಚಾರ್ಟ್ ನೋಡಿ ಮುಂದಿನದನ್ನು ಊಹಿಸುವ ಈ ವಿಧಾನಕ್ಕೆ ಒಂದು ಪುಸ್ತಕ ಸಾಕು. ಸಪೋರ್ಟ್, ರೆಸಿಸ್ಟೆನ್ಸ್, ಟ್ರೆಂಡ್ ಎಂದರೇನು ಎಂದು ಗೊತ್ತಾದರೆ ಆಯಿತು. ಇದರ ಮೇಲೆ ಐದಾರು ಪುಸ್ತಕ ಕೊಂಡರೆ ಇಂಡಿಕೇಟರ್ ಹೆಚ್ಚಾಗುತ್ತವೆ, ಲಾಭವಲ್ಲ.

ಜಾಸ್ತಿ ಟ್ರೇಡ್ ಮಾಡಿದರೆ ಬೇಗ ಕಲಿಯಬಹುದು ಅಲ್ವಾ?

ಬ್ರಾಡ್ ಬಾರ್ಬರ್ ಮತ್ತು ಮೇಲೆ ಹೇಳಿದ ಓಡಿಯನ್ 2000ದಲ್ಲಿ ಒಂದು ಲೇಖನ ಬರೆದರು. 1991ರಿಂದ 1996ರವರೆಗೆ ಅಮೆರಿಕದ 66,465 ಮನೆಗಳ ಖಾತೆ ನೋಡಿದ್ದರು. ಪೇಟೆ ವರ್ಷಕ್ಕೆ ಶೇ 17.9 ಕೊಟ್ಟ ಕಾಲದಲ್ಲಿ ಎಲ್ಲರಿಗಿಂತ ಹೆಚ್ಚು ಕೊಟ್ಟು ಕೊಂಡು ಮಾಡಿದವರಿಗೆ ದಕ್ಕಿದ್ದು ಶೇ 11.4. ಆ ಲೇಖನ ಅಂತರ್ಜಾಲದಲ್ಲಿ ಸಿಗುತ್ತದೆ. ಹಲವು ಪುಸ್ತಕಗಳಿಗಿಂತ ಹೆಚ್ಚು ಉಪಯೋಗ.

ಕನ್ನಡದಲ್ಲಿ ಏನು ಓದಲಿ?

ಖಾತೆ ತೆರೆಯುವುದು, ಮ್ಯೂಚುವಲ್ ಫಂಡ್, ಎಸ್‌ಐಪಿ ಇಂಥದ್ದನ್ನು ಹೇಳುವ ಪುಸ್ತಕ ಕನ್ನಡದಲ್ಲಿ ಸಿಗುತ್ತವೆ. ಮೊದಲ ಹೆಜ್ಜೆಗೆ ಒಳ್ಳೆಯದು. ನನಗೆ ಬೇಕು ಅನ್ನಿಸುವುದು ಬೇರೆ. ಶಿರಸಿಯ ಅಡಿಕೆ ವ್ಯಾಪಾರಿ, ಬ್ಯಾಡಗಿಯ ಮೆಣಸಿನಕಾಯಿ ದಲಾಲರು, ಕೊಡಗಿನ ಕಾಫಿ ವ್ಯಾಪಾರಿ ಇವರೆಲ್ಲ ತಲೆಮಾರುಗಳಿಂದ ಬೆಲೆಯ ಏರಿಳಿತದ ಜೊತೆ ಬದುಕಿದವರು. ಎಷ್ಟು ಮಾಲು ಹಿಡಿದಿಡಬೇಕು, ಎಷ್ಟನ್ನು ಅವತ್ತೇ ಬಿಡಬೇಕು ಎಂಬ ಲೆಕ್ಕ ಅವರ ತಲೆಯಲ್ಲಿದೆ. ಯಾರಾದರೂ ಅವರ ಜೊತೆ ಕೂತು ಅದನ್ನು ಬರೆಸಿದರೆ ಅಂಥ ಪುಸ್ತಕಕ್ಕೆ ನಾನು ಮೊದಲ ಗಿರಾಕಿ.

ಓದಿದ್ದು ನೆನಪೇ ಉಳಿಯಲ್ಲ. ಹೇಗೆ ಓದಬೇಕು?

ಒಂದು ನೋಟ್‌ಬುಕ್ ಇಡಿ. ನನ್ನದರಲ್ಲಿ ಎಡಪುಟಕ್ಕೆ ಪುಸ್ತಕ, ಬಲಪುಟಕ್ಕೆ ಟ್ರೇಡ್. ಟ್ರೇಡ್ ಮಾಡುವ ಮೊದಲೇ ನಾಲ್ಕು ಸಾಲು ಬರೆಯುತ್ತೇನೆ: ಏನು ಕೊಳ್ಳುತ್ತಿದ್ದೇನೆ, ಯಾಕೆ, ಎಲ್ಲಿ ಬಿಡುತ್ತೇನೆ, ಬಿಟ್ಟರೆ ಬಂಡವಾಳದಲ್ಲಿ ಶೇಕಡಾ ಎಷ್ಟು ಹೋಗುತ್ತದೆ. ಕೊನೆಯ ಸಾಲು ಖಾಲಿ ಇದ್ದರೆ ಆರ್ಡರ್ ಹಾಕುವುದಿಲ್ಲ. ಮುಗಿದ ಮೇಲೆ ಬರೆದರೆ ಉಪಯೋಗವಿಲ್ಲ, ಯಾಕೆಂದರೆ ಫಲ ಗೊತ್ತಾದ ಮೇಲೆ ನಮ್ಮ ಕಾರಣಗಳು ತಾವಾಗಿಯೇ ಬದಲಾಗುತ್ತವೆ.

ಹತ್ತು ನಿಮಿಷದ ಸಾರಾಂಶದ ವಿಡಿಯೊ ಸಾಕಲ್ವಾ ಎಂದೂ ಕೇಳುತ್ತಾರೆ. ಹತ್ತಿ-ಗೋಧಿಯ ಪ್ರಸಂಗವನ್ನು ಒಂದು ಸಾಲಿನಲ್ಲಿ ಹೇಳಬಹುದು: ನಷ್ಟ ಬೇಗ ಕತ್ತರಿಸಿ. ಈ ಸಾಲು ಎಲ್ಲರಿಗೂ ಬಾಯಿಪಾಠ. ಪಾಲಿಸುವವರು ಕಮ್ಮಿ. ಪೂರ್ತಿ ಓದಿದಾಗ ಅವನ ಜೊತೆ ನೀವೂ ಒಂದೊಂದು ಬೇಲ್ ಕೊಳ್ಳುತ್ತಾ ಹೋಗುತ್ತೀರಿ, ಪ್ರತಿ ಹೆಜ್ಜೆಯೂ ಸರಿ ಅನ್ನಿಸುತ್ತಾ ಹೋಗುತ್ತದೆ. ಅದು ಸಾರಾಂಶದಲ್ಲಿ ಸಿಗುವುದಿಲ್ಲ.

ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಆಪ್ಷನ್ಸ್ ಮಾಡುತ್ತೇನೆ ಎನ್ನುತ್ತಾನೆ. ಯಾವ ಪುಸ್ತಕ ಕೊಡಿಸಲಿ?

ಬೇಡ ಎಂದು ಗದರಿದರೆ ಕದ್ದು ಮಾಡುತ್ತಾನೆ. ಮೊದಲು ಮೇಲಿನ ಆರು-ನಾಲ್ಕರ ಲೆಕ್ಕವನ್ನು ಅವನ ಕೈಯಲ್ಲೇ ಹಾಕಿಸಿ. ಆಮೇಲೆ ಇದನ್ನು ಕೇಳಿ. 2024ರ ಅಕ್ಟೋಬರ್‌ನಲ್ಲಿ ಸೆಬಿ ಇಂಡೆಕ್ಸ್ ಕಾಂಟ್ರಾಕ್ಟಿನ ಕನಿಷ್ಠ ಮೌಲ್ಯವನ್ನು 15 ಲಕ್ಷ ರೂಪಾಯಿಗೆ ಏರಿಸಿತು. ಸೂಚ್ಯಂಕ ಶೇ 2 ಅಲ್ಲಾಡಿದರೆ ಒಂದು ಲಾಟ್ (ಒಮ್ಮೆಗೆ ಕೊಳ್ಳಲೇಬೇಕಾದ ಕನಿಷ್ಠ ಪ್ರಮಾಣ) ಫ್ಯೂಚರ್ಸ್‌ನಲ್ಲಿ 30,000 ರೂಪಾಯಿ ಲಾಭ, ಇಲ್ಲವೇ ನಷ್ಟ. ಆಪ್ಷನ್ ಕೊಂಡರೆ ಅಷ್ಟು ಬೇಕಿಲ್ಲ, ಆದರೆ ಕಟ್ಟಿದ ಪ್ರೀಮಿಯಂ (ಆಪ್ಷನ್‌ಗೆ ಕೊಟ್ಟ ಬೆಲೆ) ಎಕ್ಸ್‌ಪೈರಿ ದಿನ, ಅಂದರೆ ಅವಧಿ ಮುಗಿಯುವ ದಿನ, ಸೊನ್ನೆ ಆಗಬಹುದು. ಅವನ ಹತ್ತಿರ 50,000 ಇದ್ದರೆ, ಒಂದು ಲಾಟ್ ಎಂದರೆ ಅದರಲ್ಲಿ ಶೇಕಡಾ ಎಷ್ಟು? ಕಮ್ಮಿ ಹಾಕೋಣ ಎಂದರೂ ಅರ್ಧ ಲಾಟ್ ಸಿಗುವುದಿಲ್ಲ. ಷೇರಿನಲ್ಲಾದರೆ ಒಂದೇ ಒಂದು ಷೇರೂ ಕೊಳ್ಳಬಹುದು. ಆದ್ದರಿಂದ ಓದು ಮುಗಿಯುವವರೆಗೆ ಷೇರಿನಲ್ಲೇ, ಸಣ್ಣ ಮೊತ್ತದಲ್ಲಿ, ಸಾಲ ಮಾಡದೆ ಮಾಡಲಿ. ಪುಸ್ತಕ ಕೊಡಿಸುವುದಾದರೆ ಲೆಫೆವ್ರ್ ಪುಸ್ತಕ ಕೊಡಿಸಿ. ಬೆಂಗಳೂರಿನಲ್ಲಿದ್ದರೆ ಚರ್ಚ್ ಸ್ಟ್ರೀಟ್‌ನ ಹಳೆಯ ಪುಸ್ತಕದಂಗಡಿಗಳಲ್ಲಿ ಹುಡುಕಿ ನೋಡಿ.